ಪಿಕಿಂಗ್ ಮುಗಿಯದಿರಲಿ

ಎಂಬಿಎ ಎರಡನೇ ವರ್ಷಕ್ಕೆ ಬಂದಾಗ ನಾವೆಲ್ಲ ಒಂದೊಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಿತ್ತು. ಗೆಳತಿಯರು ಮಾರ್ಕೆಟಿಂಗ್ ಹಿಡಿದರು, ಕೆಲವರು ಎಚ್‌ಆರ್. ನಾನು ಸಪ್ಲೈ ಚೈನ್ ಸ್ಟ್ರಾಟೆಜಿ ಅಂಡ್ ಡಿಸೈನ್ ಎಂದು ಬರೆದುಕೊಟ್ಟೆ. ಸರಕು ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವ ಗಾಡಿಯಲ್ಲಿ ಹೋಗಬೇಕು, ನಡುವೆ ಎಲ್ಲಿ ಇಳಿಯಬೇಕು ಎಂದು ಮೊದಲೇ ಕೂತು ಯೋಚಿಸುವ ವಿದ್ಯೆ ಅದು. “ಕೊಡಗಲ್ಲಿ ಕೂತ್ಕೊಂಡು ಯಾವ ಫ್ಯಾಕ್ಟರಿ ನಡೆಸ್ತೀಯೇ?” ಎಂದು ಹಾಸ್ಟೆಲಿನಲ್ಲಿ ಗೇಲಿ ಮಾಡಿದರು. ನನಗೆ ಯಾವ ಸರಕೂ ಸಾಗಿಸಬೇಕಿರಲಿಲ್ಲ. ನಮ್ಮಮ್ಮನನ್ನು ಹುದಿಕೇರಿಯ ಒಳಗಿನ ಕಾಫಿ ಎಸ್ಟೇಟಿನಿಂದ ವಿರಾಜಪೇಟೆಯ ಆಸ್ಪತ್ರೆಗೆ ವಾರಕ್ಕೆರಡು ಸಲ ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕಿತ್ತು, ಅಷ್ಟೆ.

ಅಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ ಮತ್ತು ಗುರುವಾರ ಬೆಳಗಿನ ಹೊತ್ತು ಡಯಾಲಿಸಿಸ್ ಮೆಷಿನ್ ಅವಳದು. ವಾರಕ್ಕೆ ಮೂರು ಸಲವಾದರೆ ಒಳ್ಳೆಯದು, ಎರಡಕ್ಕಿಂತ ಕಡಿಮೆ ಮಾತ್ರ ಕೂಡದು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮೆಷಿನ್‌ಗಾಗಿ ಕಾಯುವವರು ಬೇಕಾದಷ್ಟು ಜನ ಇದ್ದರು. ಹೊತ್ತು ಮೀರಿ ಹೋದರೆ ಆ ದಿನದ ಸರದಿ ಅಲ್ಲಿ ಬಂದು ಕಾದವರಿದ್ದರೆ ಅವರಿಗೆ, ಇಲ್ಲದಿದ್ದರೆ ಮೆಷಿನ್ ಖಾಲಿ. ಅದು ನ್ಯಾಯವೇ. ನ್ಯಾಯ ಎಂದು ಗೊತ್ತಿದ್ದೂ ನನಗೆ ಹೊಟ್ಟೆ ಉರಿಯುತ್ತಿತ್ತು.

ನಮ್ಮ ಎಸ್ಟೇಟಿನಿಂದ ಬಸ್ಸಿನ ರಸ್ತೆಗೇ ಬಹಳ ದೂರ. ಮೊದಲ ಬಸ್ಸು ಹಿಡಿದರೂ ವಿರಾಜಪೇಟೆ ತಲುಪುವಷ್ಟರಲ್ಲಿ ಸರದಿ ಹೋಗಿರುತ್ತಿತ್ತು. ಅಪ್ಪ ಒಂದು ಸಲ ಬೈಕಿನಲ್ಲಿ ಕರೆದುಕೊಂಡು ಬರುವಾಗ ಅವಳು ತಲೆ ತಿರುಗಿ ಜಾರಿ ಬಿದ್ದಳು. ಆಮೇಲೆ ಅಪ್ಪ ಅವಳನ್ನು ಬೈಕು ಹತ್ತಿಸಲಿಲ್ಲ. ಬಾಡಿಗೆ ಕಾರು ವಾರವಾರವೂ ಆಗುವ ಮಾತಲ್ಲ. ಪೇಟೆಯಲ್ಲಿ ಮನೆ ಮಾಡೋಣವೆಂದರೆ ಅಪ್ಪ ಎಸ್ಟೇಟಿನ ರೈಟರ್. ಶನಿವಾರಸಂತೆ ಕಡೆಯಿಂದ ಆ ಕೆಲಸಕ್ಕೆಂದೇ ದಕ್ಷಿಣ ಕೊಡಗಿಗೆ ಬಂದವನು. ಆಳುಗಳ ಹಾಜರಿ, ಕಾಫಿ ಹಣ್ಣಿನ ತೂಕ, ಹಣ್ಣು ಕೀಳುವ ಪಿಕಿಂಗ್ ಕೆಲಸವನ್ನು ಬೇಗ ಮುಗಿಸುವ ಜವಾಬ್ದಾರಿ ಎಲ್ಲ ಅವನ ತಲೆಯ ಮೇಲೆ. ಬೆಳಿಗ್ಗೆ ಹಾಜರಿ ಕೂಗುವವನು ತೋಟದೊಳಗೇ ಇರಬೇಕು.

ಹೀಗಿರುವಾಗ ರೋಬಸ್ಟಾ ಕಾಫಿಯ ಪಿಕಿಂಗ್ ಶುರುವಾಯಿತು. ತೋಟದ ಲೈನ್ ಮನೆಗಳಲ್ಲಿದ್ದ ಆಳುಗಳು ಸಾಲದೆ ವಿರಾಜಪೇಟೆ ಬದಿಯ ಒಂದು ಕಾಲೋನಿಯಿಂದ ದಿನವೂ ಜೀಪಿನಲ್ಲಿ ಜನ ಬರತೊಡಗಿದರು. ಜೀಪು ಬೆಳಿಗ್ಗೆ ಕಿಕ್ಕಿರಿದು ಬಂದು, ಜನರನ್ನು ಇಳಿಸಿ, ಪೇಟೆಗೆ ಖಾಲಿ ಹೋಗುತ್ತಿತ್ತು. ಸಂಜೆ ಖಾಲಿ ಬಂದು ಅವರನ್ನು ತುಂಬಿಕೊಂಡು ಹೋಗುತ್ತಿತ್ತು. ಬೆಳಗಿನ ಖಾಲಿ ಜೀಪಿನಲ್ಲಿ ಅಮ್ಮ ಆಸ್ಪತ್ರೆಗೆ ಹೋದಳು, ಸಂಜೆಯ ಖಾಲಿ ಜೀಪಿನಲ್ಲಿ ಮನೆಗೆ ಬಂದಳು. ಡ್ರೈವರ್ ಮಲಯಾಳಿ, ಮಾತು ಕಮ್ಮಿ. ಮುಂದಿನ ಸೀಟಿಗೆ ತನ್ನ ಟವೆಲ್ ಹಾಸಿ, “ಅಮ್ಮಾ, ಮೆಲ್ಲ ಕೂರಿ” ಅಂದನಂತೆ. ಅಮ್ಮ ಅದನ್ನು ಫೋನಿನಲ್ಲಿ ಹೇಳಿದ ದಿನ ನಾನು ಹಾಸ್ಟೆಲಿನ ಟೆರೇಸಿನ ಮೇಲೆ ಒಬ್ಬಳೇ ಕುಣಿದೆ.

ನನ್ನ ಪ್ರಾಜೆಕ್ಟ್ ಅಲ್ಲೇ ಹುಟ್ಟಿತು. ಪಿಕಿಂಗ್ ಕಾಲದಲ್ಲಿ ಜಿಲ್ಲೆಯ ತುಂಬ ಹೀಗೆ ಖಾಲಿ ಓಡುವ ಜೀಪುಗಳಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವ ಒಂದು ವ್ಯವಸ್ಥೆಯನ್ನು ವಿನ್ಯಾಸ ಮಾಡುವುದು. ಈ ವಿಷಯ ಪಾಠ ಮಾಡುವ ಮೇಡಂ ಅದನ್ನು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. “ಖಾಲಿ ಓಡೋ ಗಾಡಿಗಿಂತ ದೊಡ್ಡ ಪಾಪ ಈ ಸಬ್ಜೆಕ್ಟಲ್ಲಿ ಇಲ್ಲ ಕಣಮ್ಮ. ಇದನ್ನೇ ಮಾಡು” ಎಂದರು. ನನ್ನ ಸಹಪಾಠಿಗಳು ಕೊರಿಯರ್, ಸೂಪರ್ ಮಾರ್ಕೆಟ್ ಎಂದು ಇಂಟರ್‌ನೆಟ್ಟಿನಿಂದ ಎತ್ತಿ ಅಂಟಿಸುತ್ತಿದ್ದಾಗ ನಾನು ಮೂರ್ನಾಡು, ವಿರಾಜಪೇಟೆ, ಹುದಿಕೇರಿಯ ನಕ್ಷೆ ಹರಡಿಕೊಂಡು ತೋಟಗಳಿಗೆ ಹಸಿರು ಚುಕ್ಕಿ, ಆಸ್ಪತ್ರೆಗೆ ಕೆಂಪು ಚುಕ್ಕಿ ಇಡುತ್ತಿದ್ದೆ. ರೋಗಿಗಳ ಚುಕ್ಕಿ ನೀಲಿ. ಎಲ್ಲ ನೀಲಿ ಚುಕ್ಕಿಗಳನ್ನೂ ಸಮನಾಗಿ ನೋಡಬೇಕೆಂದು ನಿಯಮ. ನಾನು ನೋಡುತ್ತಿದ್ದದ್ದು ಒಂದನ್ನೇ.

ಫೋನ್ ಮಾಡಿದಾಗಲೆಲ್ಲ ಅಮ್ಮ ಹೇಗಿದ್ದಾಳೆ ಎನ್ನುವುದಕ್ಕಿಂತ ಮೊದಲು, ಪಿಕಿಂಗ್ ಎಷ್ಟು ಉಳಿದಿದೆ ಎಂದು ಕೇಳುತ್ತಿದ್ದೆ. ಕೊಡಗಿನಲ್ಲಿ ಬೇರೆ ಯಾರೂ ಪಿಕಿಂಗ್ ಮುಗಿಯದಿರಲಿ ಎಂದು ದೇವರಿಗೆ ಕೈ ಮುಗಿದಿರಲಾರರು. ಎಲ್ಲರಿಗೂ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಗಿಡ ಖಾಲಿಯಾಗಬೇಕು, ಕಣದಲ್ಲಿ ಹಣ್ಣು ಒಣಗಬೇಕು. ನಾನು ಮಾತ್ರ ಹಣ್ಣು ತಡವಾಗಿ ಕೆಂಪಾಗಲಿ, ಆಳುಗಳು ಮೆಲ್ಲಗೆ ಕೀಳಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಒಂದು ಶನಿವಾರ ಮನೆಗೆ ಹೋದೆ. ಆ ಹೊತ್ತಿಗೆ ಕೆಲಸ ಮುಗಿಯುತ್ತ ಬಂದಿರಬೇಕಿತ್ತು. ಮನೆಯ ಹಿಂದೆ ಹರಿಯುವ ತೋಡಿನ ಆಚೆಗಿನ ತೋಟದ ಬ್ಲಾಕ್ ನೋಡಿದೆ, ಗಿಡಗಳ ತುಂಬ ಹಣ್ಣು. ಕೆಂಪು ಮುಗಿದು ಕಪ್ಪಿಗೆ ತಿರುಗಿದ್ದವು, ಬುಡದಲ್ಲಿ ಉದುರಿದ್ದವು. ಆಳುಗಳು ಮಾತ್ರ ಮೇಲಿನ ಬ್ಲಾಕಿನಲ್ಲಿ, ಆಗಲೇ ಕಿತ್ತು ಮುಗಿಸಿದ ಗಿಡಗಳಲ್ಲಿ, ಉಳಿದ ಕಾಳು ಹೆಕ್ಕುತ್ತಿದ್ದರು. ಅಪ್ಪ ದಾರಿಯ ಮೇಲೆ ನಿಂತಿದ್ದ.

“ಅಪ್ಪ, ಆ ಕಡೆ ಬ್ಲಾಕ್ ಯಾಕೆ ಬಿಟ್ಟಿದ್ದೀಯ?”

ಅವನು ಸುತ್ತ ನೋಡಿದ. “ಅದುನ್ನ ಮುಗ್ಸುದ್ರೆ ಜೀಪು ನಿಂತೋಯ್ತದೆ ಕಣವ್ವ. ನಿಮ್ಮವ್ವಂಗೆ ಹೇಳ್‌ಬ್ಯಾಡ.”

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ತೂಕದಲ್ಲಿ ಯಾವ ಆಳಿಗೂ ಮೋಸ ಮಾಡದವನು, ತೋಟದ ಒಂದು ಕಿತ್ತಳೆಯನ್ನೂ ಕೇಳದೆ ಮನೆಗೆ ತರದವನು. ಹಣ್ಣು ಗಿಡದಲ್ಲೇ ಕೊಳೆಯಲು ಬಿಡುವುದು ಅವನಿಗೆ ಅನ್ನ ಚೆಲ್ಲಿದಂತೆ. ಅಂಥವನು ಒಂದು ಇಡೀ ಬ್ಲಾಕನ್ನು ಹಿಡಿದಿಟ್ಟುಕೊಂಡು, ದಿನವೂ ಆಳುಗಳನ್ನು ಬೇರೆ ದಿಕ್ಕಿಗೆ ಅಟ್ಟುತ್ತ ಕಾಲ ತಳ್ಳುತ್ತಿದ್ದ. ನಾನು ಏನಂದೆ ಗೊತ್ತೇ? “ಇನ್ನೆರಡು ವಾರ ತಳ್ಳಪ್ಪ” ಎಂದೆ. ಅದು ತಪ್ಪು ಎಂದು ಯಾರಾದರೂ ಹೇಳಲು ಬಂದರೆ ಅವರ ಜೊತೆ ಜಗಳಕ್ಕೆ ನಾನು ಇವತ್ತಿಗೂ ತಯಾರಿದ್ದೇನೆ.

ಆ ವಾರ ತರಗತಿಯಲ್ಲಿ ದಾಸ್ತಾನಿನ ಪಾಠ. ಸರಕನ್ನು ಬೇಕಾದ್ದಕ್ಕಿಂತ ಹೆಚ್ಚು ದಿನ ಇಟ್ಟುಕೊಂಡರೆ ಅದು ಹಾಳಾಗುತ್ತದೆ, ಜಾಗ ಕಟ್ಟಿಹಾಕುತ್ತದೆ, ಕೊನೆಗೆ ಇಟ್ಟುಕೊಂಡವನನ್ನೇ ಮುಳುಗಿಸುತ್ತದೆ ಎಂದು ಮೇಡಂ ವಿವರಿಸಿದರು. ನಾನು ಕಿಟಕಿಯಾಚೆ ಮೋಡ ನೋಡುತ್ತ ಕೂತಿದ್ದೆ. ಮಳೆ ಬಂದರೆ ಗತಿಯೇನು ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಬಂತು. ಹೂಮಳೆ ಆ ವರ್ಷ ಬೇಗ ಬಂತು, ಒಳ್ಳೆಯ ಹದವಾಗಿ ಬಂತು. ಜಿಲ್ಲೆಯೆಲ್ಲ ಖುಷಿಪಟ್ಟಿತು. ಅಪ್ಪ ಮರುದಿನವೇ ಇದ್ದಬದ್ದ ಆಳುಗಳನ್ನೆಲ್ಲ ತೋಡಿನಾಚೆ ಇಳಿಸಿದ. ಬ್ಲಾಕ್ ದೊಡ್ಡದು, ಮುಗಿಯಲಿಲ್ಲ. ಅಷ್ಟರಲ್ಲಿ ಮೊಗ್ಗು ಊದಿಕೊಂಡಿತು. ಆಮೇಲೆ ಕೊಂಬೆ ಎಳೆಯುವಂತಿಲ್ಲ, ಎಳೆದರೆ ಮೊಗ್ಗು ಉದುರಿ ಮುಂದಿನ ವರ್ಷದ ಫಸಲೂ ಹೋಗುತ್ತದೆ. ಮತ್ತೆ ಕೆಲವು ದಿನಕ್ಕೆ ತೋಟವಿಡೀ ಬೆಳ್ಳಗಾಯಿತು. ಕಾಫಿ ಹೂವಿನ ಪರಿಮಳ ಎಂದು ಮೂಗು ಅರಳಿಸುವ ಪ್ರವಾಸಿಗಳನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಬ್ಲಾಕಿನಲ್ಲಿ ಒಂದೇ ಕೊಂಬೆಯ ಮೇಲೆ ಬಿಳಿ ಹೂವು, ನಡುನಡುವೆ ಒಣಗಿದ ಕಪ್ಪು ಹಣ್ಣು. ಕೊಡಗಿನಲ್ಲಿ ಅದನ್ನು ನೋಡಿದ ಯಾರಿಗೂ ವಿವರಣೆ ಬೇಕಾಗಿಲ್ಲ. ರೈಟರ್ ಕೆಲಸ ಮಾಡಿಲ್ಲ ಎಂದು ಗಿಡವೇ ಕೂಗಿ ಹೇಳುತ್ತದೆ.

ನಾನು ಆ ಭಾನುವಾರ ಮನೆಯಲ್ಲಿದ್ದೆ. ಎಸ್ಟೇಟಿನ ಯಜಮಾನರಾದ ಸಾವುಕಾರರು ತೋಟ ಸುತ್ತಿ ನೇರ ನಮ್ಮ ಮನೆ ಮುಂದೆ ಬಂದು ನಿಂತರು. ಅಪ್ಪ ಅಂಗಳಕ್ಕಿಳಿದ.

“ಏನ್ ರೈಟ್ರೇ ಇದು? ಹೂವೂ ಹಣ್ಣೂ ಒಂದೇ ಗಿಡದಲ್ಲಿ! ದಾರೀಲಿ ಹೋಗೋರು ನಗಲ್ವಾ? ಆಳು ಸಿಗ್ಲಿಲ್ಲ ಅಂತ ಹೇಳ್ಬೇಡಿ. ಜೀಪು ದಿನಾ ಬಂದಿದೆ.”

ಅಪ್ಪ ನೆಲ ನೋಡಿದ. ಜೀಪು ಎಂಬ ಮಾತಿಗೆ ಅಮ್ಮ ಬಾಗಿಲಿಗೆ ಬಂದಳು. ಸಾವುಕಾರರ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಅವಳಿಗೆ ಅಲ್ಲೇ ಎಲ್ಲ ಅರ್ಥವಾಯಿತು. “ಅವರುನ್ನ ಬೈಬ್ಯಾಡಿ ಸಾವ್ಕಾರ್ರೇ,” ಎಂದಳು. “ನನ್ನ ಆಸ್ಪತ್ರೆಗೆ ಕಳ್ಸಕ್ಕೆ ಹಿಂಗ್ ಮಾಡವ್ರೆ.”

ಸಾವುಕಾರರು ಅಮ್ಮನನ್ನೊಮ್ಮೆ ನೋಡಿದರು. ಆಮೇಲೆ, “ಒಂದ್ ಮಾತು ಹೇಳಿದ್ರೆ ನಾನು ಇಲ್ಲ ಅಂತಿದ್ನಾ ರೈಟ್ರೇ?” ಎಂದು ಕೇಳಿದರು. ಅವರು ಒಳ್ಳೆಯ ಮನುಷ್ಯರು. ಅಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ನಾಳೆಯಿಂದ ಜೀಪು ಬೇಡವೆಂದರು, ಅಮ್ಮನಿಗೆ ತಮ್ಮ ಕಾರು ಕಳಿಸುತ್ತೇನೆಂದರು. ಆ ವರ್ಷ ಪಿಕಿಂಗ್ ಮುಗಿದದ್ದಕ್ಕೆ ಆಳುಗಳಿಗೆ ಹಾಕುವ ಊಟ ಆಗಲಿಲ್ಲ. ಅಮ್ಮ ಅವತ್ತು ಅಪ್ಪನ ಜೊತೆ ಮಾತಾಡಲಿಲ್ಲ. ನನ್ನ ಹತ್ತಿರ ಮಾತ್ರ, “ನನ್ನಿಂದ ಇನ್ನೊಬ್ರುದ್ದು ಹಾಳಾಯ್ತಲ್ಲ ಮಗಾ” ಎಂದು ಮತ್ತೆ ಮತ್ತೆ ಅಂದಳು.

ಕಾರು ಮೊದಮೊದಲು ಸರಿಯಾಗಿಯೇ ಬಂತು. ಆಮೇಲೆ ಒಂದು ಗುರುವಾರ ಅವರ ಮನೆಯಲ್ಲಿ ನೆಂಟರ ಮದುವೆ. ಇನ್ನೊಂದು ಗುರುವಾರ ಡ್ರೈವರಿಗೆ ಜ್ವರ. ಕೇಳಲು ನಮಗೆ ಮುಖವಿಲ್ಲ, ನೆನಪಿಸಲು ಬಾಯಿಯಿಲ್ಲ. ಒಬ್ಬರ ಒಳ್ಳೆಯತನದ ಮೇಲೆ ನಿಂತ ವ್ಯವಸ್ಥೆಗೆ ನನ್ನ ಪಠ್ಯಪುಸ್ತಕದಲ್ಲಿ ಹೆಸರೇ ಇರಲಿಲ್ಲ. ನಾನು ಹಾಸ್ಟೆಲಿನಲ್ಲಿ ಕೂತು ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡುತ್ತಿದ್ದೆ: ಸ್ಕೂಲ್ ವ್ಯಾನಿನವರಿಗೆ, ಮೀನಿನ ಗಾಡಿಯವನಿಗೆ, ಮಾತು ಬಿಟ್ಟಿದ್ದ ಹಳೆಯ ಗೆಳತಿಯ ಅಣ್ಣನಿಗೆ. “ನೋಡೋಣ” ಎಂದವರು ಹಲವರು. ಒಬ್ಬೊಬ್ಬರು ಒಂದೊಂದು ಸಲ ಬಂದರು. ಸೋಮವಾರಗಳು ಹೇಗೋ ದಾಟುತ್ತಿದ್ದವು, ಗುರುವಾರಗಳು ತಪ್ಪುತ್ತಲೇ ಹೋದವು.

ಹೊರಬರಬೇಕಾದ ನೀರು ಅಮ್ಮನ ಮೈಯಲ್ಲೇ ನಿಲ್ಲತೊಡಗಿತು. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂರುತ್ತಿದ್ದಳು. ನೀರು ಕುಡಿಯಬಾರದೆಂದು ಬಾಯಿಗೊಂದು ಲವಂಗ ಹಾಕಿಕೊಳ್ಳುತ್ತಿದ್ದಳು. ಮನೆಯ ಹಿಂದೆ ತೋಡು ಹರಿಯುವ ಸದ್ದು ಕೇಳಿಸಿದರೆ ಬಾಯಾರಿಕೆ ಹೆಚ್ಚುತ್ತದೆಂದು ಹಿತ್ತಿಲ ಬಾಗಿಲು ಮುಚ್ಚಿಸುತ್ತಿದ್ದಳು. ನನಗೆ ಓದು ಬಿಟ್ಟು ಓಡಿಹೋಗಬೇಕೆನಿಸುತ್ತಿತ್ತು. ಹೋಗಿ ಏನು ಮಾಡಲಿ? ನಾನೇನು ಅವಳನ್ನು ಹೊತ್ತುಕೊಂಡು ವಿರಾಜಪೇಟೆಗೆ ನಡೆಯುತ್ತೇನೆಯೇ? ಪರೀಕ್ಷೆ ಮುಗಿದು ಎಲ್ಲಾದರೂ ಕೆಲಸ ಸಿಕ್ಕಿದರೆ ಆಸ್ಪತ್ರೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದು ಅವಳನ್ನು ಇಟ್ಟುಕೊಳ್ಳಬಹುದು, ಅಲ್ಲಿಯವರೆಗೆ ಎಳೆದರೆ ಸಾಕು ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಪ್ರಾಜೆಕ್ಟಿನ ವೈವಾ ಒಂದು ಗುರುವಾರವೇ ಬಿತ್ತು. ಹಿಂದಿನ ದಿನ ಸಂಜೆಯವರೆಗೂ ನನಗೆ ಗಾಡಿ ಸಿಕ್ಕಿರಲಿಲ್ಲ. “ನೀನ್ ಪರೀಕ್ಸೆ ನೋಡ್ಕ, ನಾನ್ ನೋಡ್ಕತೀನಿ” ಎಂದು ಅಮ್ಮ ಫೋನ್ ಇಟ್ಟಿದ್ದಳು.

ಹೊರಗಿನಿಂದ ಬಂದ ಪರೀಕ್ಷಕರಿಗೆ ನನ್ನ ನಕ್ಷೆ ಬಹಳ ಹಿಡಿಸಿತು. ಹಸಿರು, ಕೆಂಪು, ನೀಲಿ ಚುಕ್ಕಿಗಳ ಮೇಲೆ ಬೆರಳಾಡಿಸಿದರು. “ಗುಡ್. ತುಂಬ ಒರಿಜಿನಲ್. ಆದ್ರೆ ಪಿಕಿಂಗ್ ಮುಗಿದ ಮೇಲೆ ಏನು?” ಎಂದು ಕೇಳಿದರು.

ನಾನು ಕೊನೆಯ ಪುಟ ತೋರಿಸಿದೆ. ಈ ವಿನ್ಯಾಸ ಪಿಕಿಂಗ್ ತಿಂಗಳುಗಳಿಗೆ ಮಾತ್ರ ಅನ್ವಯ ಎಂದು ಅದರ ಮಿತಿಗಳ ಕೆಳಗೆ ಬರೆದಿದ್ದೆ.

“ಹಾ, ಒಪ್ಕೊಂಡಿದ್ದೀಯಲ್ಲ, ಸಾಕು. ಲಿಮಿಟೇಷನ್ ಒಪ್ಕೊಂಡ್ರೆ ಮಾರ್ಕ್ಸ್ ಕಟ್ ಮಾಡಲ್ಲ” ಎಂದು ನಕ್ಕರು.

“ಉಳಿದ ತಿಂಗಳಲ್ಲಿ ಅವರೇನು ಮಾಡಬೇಕು ಸಾರ್?” ನನ್ನ ಧ್ವನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು.

“ಯಾರು?”

“ನೀಲಿ ಚುಕ್ಕಿಗಳು.”

ಅವರು ಮೇಡಂ ಕಡೆ ತಿರುಗಿದರು. ಮೇಡಂ ಕಣ್ಣಲ್ಲೇ ನನಗೆ ಸಾಕು ಎಂದರು. “ಅದು ಫ್ಯೂಚರ್ ಸ್ಕೋಪ್ ಅಮ್ಮಾ, ಮುಂದಿನ ಬ್ಯಾಚಿನವರು ಮಾಡ್ತಾರೆ” ಎಂದು ಪರೀಕ್ಷಕರು ನಕ್ಷೆ ಮಡಿಸಿ ಕೈಗೆ ಕೊಟ್ಟರು. ತರಗತಿಯಲ್ಲೇ ಹೆಚ್ಚು ಅಂಕ ನನಗೆ ಬಂದಿತ್ತೆಂದು ಮಧ್ಯಾಹ್ನ ತಿಳಿಯಿತು. ನಾನು ಕಾರಿಡಾರಿನಿಂದಲೇ ಮನೆಗೆ ಫೋನ್ ಮಾಡಿದೆ.

“ಪಾಸಾದ್ಯಾ?” ಎಂದಳು ಅಮ್ಮ. ಮಾತಿನ ನಡುವೆ ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು.

“ಆದೆ. ನೀನು ಆಸ್ಪತ್ರೆಗೆ ಹೋದ್ಯಾ? ಯಾರ ಗಾಡಿ ಸಿಕ್ತು?”

“ಇಲ್ಲ ಕಣೆ. ನರ್ಸಮ್ಮಂಗೆ ಫೋನ್ ಮಾಡ್ದೆ. ಗುರುವಾರುದ್ದು ಬಿಟ್ಕೊಟ್‌ಬುಟ್ಟೆ.”

“ಇವತ್ತಿನದು ಮಾತ್ರ ತಾನೇ?”

“ಎಲ್ಲಾ ಗುರುವಾರನೂವೆ. ಮೂರ್ನಾಡಿನ ಒಂದು ಹುಡ್ಗಿ ಎಷ್ಟ್ ದಿನದಿಂದ ಕಾಯ್ತಿತ್ತಂತೆ. ಆಸ್ಪತ್ರೆ ಪಕ್ಕದಲ್ಲೇ ಅವರತ್ತೆ ಮನೆ ಐತಂತೆ, ನಡ್ಕೊಂಡೇ ಬತ್ತದಂತೆ.”

“ಯಾರನ್ನ ಕೇಳಿ ಕೊಟ್ಟೆ? ಬುದ್ಧಿ ಇದೆಯಾ ನಿಂಗೆ? ಒಂದ್ಸಲ ಕೊಟ್ರೆ ವಾಪಸ್ ಸಿಗುತ್ತಾ ಅದು?” ಕಾರಿಡಾರಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ನಾನು ಅಳುತ್ತಿದ್ದೆ.

“ಮತ್ತೆ ಖಾಲಿ ಬುಡಕ್ಕಾಯ್ತದಾ ಮಗಾ?” ಎಂದಳು ಅಮ್ಮ. “ನಾನೂ ಹೋಗಲ್ಲ, ಇನ್ನೊಬ್ರುಗೂ ಇಲ್ಲ ಅಂದ್ರೆ?”

ಅವಳು ಉಸಿರು ಸರಿಮಾಡಿಕೊಂಡಳು.

“ಸೋಮವಾರುದ್ದು ನಂದೇ ಐತೆ,” ಎಂದಳು ಆಮೇಲೆ. “ಅದುಕ್ಕೆ ಯಾವ್ದಾರ ಗಾಡಿ ನೋಡವ್ವ.”