ಕಡಿಮೆ ಆಯ್ತು ಅಂದುಕೊಂಡಿದ್ದು

ಮೂರು ವರ್ಷದ ಹಿಂದೆ, ನಮ್ಮನೆಯವರಿಗೆ ಐವತ್ತು ತುಂಬಿದಾಗ ಶುರುವಾದ ಕಥೆ ಇದು. ಅವರು ನರಸಿಂಹರಾಜಪುರದಿಂದ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ನೂರಹತ್ತು ಕೆಜಿ ಆಳು. ಕೂತಲ್ಲೇ ತೂಕಡಿಸುತ್ತಿದ್ದರು. ಗೊರಕೆ ಪಕ್ಕದ ಮನೆಗೂ ಕೇಳುತ್ತಿತ್ತು. ಪುಣ್ಯವಂತ, ಒಳ್ಳೆ ನಿದ್ದೆ ಅಂತ ನಾವು ನಗುತ್ತಿದ್ದೆವು.

ಶಿವಮೊಗ್ಗದ ಡಾಕ್ಟರು ಪರೀಕ್ಷೆ ಮಾಡಿ, ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುತ್ತಿದೆ, ಹಗಲು ತೂಕಡಿಕೆ ಅದಕ್ಕೇ ಅಂದರು. ಉದ್ದ ಕೊಳವೆಯ ಮಾಸ್ಕ್ ಮೂಗಿಗೆ ಕಟ್ಟಿಕೊಂಡು ಮಲಗುವ ಒಂದು ಮಷೀನ್ ಬರೆದುಕೊಟ್ಟರು. "ತೂಕ ಇಳಿಸಿ. ಇಳಿದ ಹಾಗೆ ಇದೂ ಕಡಿಮೆಯಾಗುತ್ತೆ. ಆಮೇಲೆ ಬನ್ನಿ, ಇನ್ನೊಂದು ಸಲ ನೋಡೋಣ."

ನಮ್ಮ ಕಡೆ ಜ್ವರ ಕಡಿಮೆ ಆಯ್ತು ಅಂದರೆ ಬಿಟ್ಟೇ ಹೋಯ್ತು ಅಂತ. ನಾನು ಹಾಗೇ ಕೇಳಿಸಿಕೊಂಡೆ.

ಪಾಪ, ಮನುಷ್ಯ ಬಾಯಿ ಕಟ್ಟಿದರು. ವರ್ಷದೊಳಗೆ ಇಪ್ಪತ್ತು ಕೆಜಿ ಇಳಿದರು. ಸಿಕ್ಕವರೆಲ್ಲ "ಎಂತ ಮಾರಾಯ, ಸೊರಗಿ ಹೋಗಿದ್ದೀಯಲ್ಲ, ಶುಗರ್ರಾ?" ಅನ್ನುವವರೇ. ಗೊರಕೆ ಹೆಚ್ಚುಕಡಿಮೆ ನಿಂತಿತು.

"ಕಡಿಮೆ ಆಯ್ತಲ್ಲ, ಇನ್ನೆಂತಕ್ಕೆ ಈ ಸೊಂಡಿಲು?" ಅಂತ ಮಷೀನನ್ನು ನಾನೇ ಕಟ್ಟಿ ಅಟ್ಟಕ್ಕೆ ಹಾಕಿದೆ.

"ಡಾಕ್ಟರಿಗೊಂದು ಮಾತು ಕೇಳುವ ಮಾರಾಯ್ತಿ" ಅಂದರು.

"ಬಸ್ ಬಿಟ್ಟು ಶಿವಮೊಗ್ಗಕ್ಕೆ ಹೋಗೋಕೆ ನಿಮಗೆ ಪುರುಸೊತ್ತು ಎಲ್ಲಿದೆ?" ಅಂತ ಬಾಯಿ ಮುಚ್ಚಿಸಿದೆ. ನನ್ನ ಬಾಯಿ ಯಾವತ್ತೂ ಜೋರು.

ಅದಾಗಿ ಎರಡು ತಿಂಗಳಾಗಿರಬೇಕು. ಮಧ್ಯಾಹ್ನ, ಕೊಪ್ಪ ದಾಟಿದ ಮೇಲೆ, ಅವರಿಗೆ ಒಂದು ಗಳಿಗೆ ಕಣ್ಣು ಹತ್ತಿತು. ಬಸ್ಸು ಚರಂಡಿಗಿಳಿದು ಮರಕ್ಕೆ ಗುದ್ದಿತು. ಮುಂದಿನ ಸೀಟಿನಲ್ಲಿದ್ದ ಹೆಂಗಸಿನ ಕಾಲು ಮುರಿಯಿತು. ತೋಟದ ಕೂಲಿಗೆ ಹೋಗಿ ಮನೆ ನಡೆಸುತ್ತಿದ್ದವಳು.

ಮತ್ತೆ ಪರೀಕ್ಷೆ ಆಯಿತು. "ಮೊದಲು ತೀವ್ರ ಇತ್ತು, ಈಗ ಮಧ್ಯಮ. ಕಡಿಮೆಯಾಗಿದೆ, ಆದರೆ ಹೋಗಿಲ್ಲ. ನನ್ನನ್ನು ಕೇಳದೆ ಮಷೀನ್ ಯಾಕೆ ಬಿಟ್ಟಿರಿ?" ಅಂದರು ಡಾಕ್ಟರು.

ನಮ್ಮನೆಯವರು ನನ್ನ ಕಡೆ ನೋಡಲಿಲ್ಲ. "ನಾನೇ ಬಿಟ್ಟೆ ಸಾರ್" ಅಂದರು.

ಅವತ್ತಿನಿಂದ ಅವರು ಸ್ಟೇರಿಂಗ್ ಮುಟ್ಟಿಲ್ಲ. ಮಾಸ್ಕ್ ಹಾಕಿ ಮಲಗುತ್ತಾರೆ, ನಿದ್ದೆ ಬರುತ್ತದೆ. ನನಗೆ ಬರುವುದಿಲ್ಲ.

ಆ ಹೆಂಗಸಿನ ಮನೆಗೆ ಎರಡು ಸಲ ಹೋಗಿದ್ದೆ. ಎರಡನೇ ಸಲ ಬಾಯಿತಪ್ಪಿ, "ಕಾಲುನೋವು ಕಡಿಮೆ ಆಯ್ತಾ?" ಅಂತ ಕೇಳಿಬಿಟ್ಟೆ.

"ಕಡಿಮೆ ಆಗಿದೆಯಮ್ಮ" ಅಂದಳು. ನನಗೆ ಕಾಫಿ ಮಾಡಲು ಗೋಡೆ ಹಿಡಿದುಕೊಂಡು ಎದ್ದಳು.

ಮೂರನೇ ಸಲ ಹೋಗುವ ಧೈರ್ಯ ನನಗೆ ಇನ್ನೂ ಬಂದಿಲ್ಲ.