ಬೊಲೊನ್ಯ ಸ್ಟೇಷನ್ನಿನ ಎರಡು ಮೂರನೇ ಪ್ಲಾಟ್‌ಫಾರ್ಮುಗಳು

ಅತ್ತೆ ಮೈಸೂರಿನಿಂದ ಐರ್ಲೆಂಡಿನ ಲೀಕ್ಸ್‌ಲಿಪ್‌ನ ನಮ್ಮ ಮನೆಗೆ ಬರುವಾಗಲೇ ಇಟಲಿಯ ವೀಸಾವನ್ನೂ ಮಾಡಿಸಿಕೊಂಡು ಬಂದಿದ್ದರು. ಬೊಲೊನ್ಯದ ಆಚೆಯ ಒಂದು ಸಣ್ಣ ಊರಿನಲ್ಲಿ ನನ್ನ ಗಂಡನ ಹಳೆಯ ಸಹಪಾಠಿ ಇದ್ದರು. ಮಿಲಾನಿಗೆ ವಿಮಾನ, ಅಲ್ಲಿಂದ ಬೊಲೊನ್ಯಕ್ಕೆ ವೇಗದ ರೈಲು, ಅಲ್ಲಿ ಇಳಿದು ಪ್ಯಾಸೆಂಜರ್ ರೈಲು ಹತ್ತಬೇಕಿತ್ತು.

"ಮಧ್ಯೆ ಸ್ವಲ್ಪ ಟೈಮ್ ಇರೋ ಹಾಗೆ ಬುಕ್ ಮಾಡ್ರೀ, ಅತ್ತೆ ಇರ್ತಾರೆ" ಎಂದಿದ್ದೆ.

"ಕಾಲು ಗಂಟೆ ಸಾಕು ಕಣೆ. ಒಂದು ಪ್ಲಾಟ್‌ಫಾರ್ಮಿಂದ ಇನ್ನೊಂದಕ್ಕೆ ಹೋಗಕ್ಕೆ ಎಷ್ಟೊತ್ತು ಬೇಕು?"

ದಿನಾ ಮೇನೂತ್ ಲೈನಿನ ಲೋಕಲ್ ರೈಲಿನಲ್ಲಿ ಡಬ್ಲಿನ್ನಿಗೆ ಹೋಗಿಬರುವ ಮನುಷ್ಯ. ಸ್ಟೇಷನ್ ಎಂದರೆ ಎರಡು ಪ್ಲಾಟ್‌ಫಾರ್ಮು, ನಡುವೆ ಒಂದು ಸೇತುವೆ ಎಂದೇ ಅವರ ಲೆಕ್ಕ.

ಬೊಲೊನ್ಯದಲ್ಲಿ ನಮ್ಮ ರೈಲು ನಿಂತದ್ದು ನೆಲದಡಿಯಲ್ಲಿ, ಪಾತಾಳದಂಥ ಜಾಗದಲ್ಲಿ. ಮೇಲೆ ಹೋಗಲು ಉದ್ದುದ್ದ ಎಸ್ಕಲೇಟರುಗಳು. ಅತ್ತೆ ಅದರ ಮುಂದೆ ಸೀರೆಯ ನೆರಿಗೆ ಹಿಡಿದು ನಿಂತುಬಿಟ್ಟರು.

"ನಾನು ಇದ್ರ ಮೇಲೆ ಕಾಲಿಡಲ್ಲ. ಸೀರೆ ಸಿಕ್ಕಾಕೊಳ್ಳತ್ತೆ."

ಲಿಫ್ಟ್ ಹುಡುಕಿದೆವು. ಮೊದಲ ಸಲ ಬಂದಾಗ ಅದರ ತುಂಬ ಮಕ್ಕಳ ಗಾಡಿಗಳು, ಎರಡನೇ ಸಲ ಸೂಟ್‌ಕೇಸುಗಳು. ಕೊನೆಗೆ ಜಾಗ ಸಿಕ್ಕಿ ಹತ್ತಿ, ಮೇಲೆ ಬಂದೆವೆಂದು ಹೊರಬಿದ್ದರೆ ಅದು ನಡುವಿನ ಮಹಡಿ. ಮತ್ತೆ ಕಾದೆವು.

ಅಂತೂ ಮೇಲೆ ಬಂದಾಗ ಬೋರ್ಡಿನಲ್ಲಿ ನಮ್ಮ ರೈಲಿನ ಎದುರಿಗೆ ಮೂರು ಎಂದಿತ್ತು. ಪಕ್ಕದಲ್ಲಿ ಇನ್ನೇನೋ ಒಂದು ಪದ. ಗಂಡ ಅಂಕಿಯನ್ನಷ್ಟೇ ನೋಡಿ ಓಡಿದರು, ನಾವೂ ಹಿಂದೆ ಓಡಿದೆವು. ಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ರೈಲಿನ ಮೇಲೆ ಬೇರೆ ಊರಿನ ಹೆಸರು.

"ಇದು ಹೋದ್ಮೇಲೆ ನಮ್ದು ಬರತ್ತೆ ಬಿಡು" ಎಂದರು.

ನನಗೆ ನಂಬಿಕೆಯಾಗಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಅಜ್ಜಿಗೆ ಟಿಕೆಟ್ ತೋರಿಸಿದೆ. ಆಕೆ ಎದ್ದು ನಿಂತು ಸ್ಟೇಷನ್ನಿನ ಆ ತುದಿಗೆ ಕೈ ಬೀಸುತ್ತ "ಓವೆಸ್ಟ್! ಓವೆಸ್ಟ್!" ಎಂದು ಕೂಗಿದರು.

ನಮ್ಮ ಒಂಬತ್ತು ವರ್ಷದ ಮಗಳು ತನ್ನ ಐರಿಶ್ ಧಾಟಿಯಲ್ಲಿ, "ಮಮ್, ಐ ಥಿಂಕ್ ಇಟ್ ಮೀನ್ಸ್ ವೆಸ್ಟ್" ಎಂದಳು.

ಅಲ್ಲಿ ಪಶ್ಚಿಮದ ಕಡೆ ಇನ್ನೊಂದು ಮೂರನೇ ಪ್ಲಾಟ್‌ಫಾರ್ಮ್ ಇತ್ತು! ಮತ್ತೆ ಮೆಟ್ಟಿಲಿಳಿದು, ಸೂಟ್‌ಕೇಸ್ ಎಳೆದುಕೊಂಡು, ಅತ್ತೆಯ ಕೈ ಹಿಡಿದು ಓಡಿದೆವು. ನಾವು ತಲುಪುವಾಗ ರೈಲು ಅಲ್ಲೇ ಇತ್ತು, ಬಾಗಿಲುಗಳು ಮಾತ್ರ ಮುಚ್ಚಿದ್ದವು. ಬಾಗಿಲಿನ ಗುಂಡಿಯನ್ನು ಒತ್ತಿದೆ, ಒತ್ತಿದೆ, ಅಂಗೈಯಿಂದ ಬಡಿದೆ. ಒಳಗೆ ಕುಳಿತಿದ್ದವನೊಬ್ಬ ನನ್ನನ್ನು ನೋಡಿ ಪಾಪ ಎನ್ನುವಂತೆ ಮುಖ ಮಾಡಿದ. ರೈಲು ಹೊರಟಿತು.

ಗಂಡ ಆಗಲೇ ಫೋನ್ ತೆಗೆದಿದ್ದರು. "ಇನ್ನೊಂದು ಇದೆ, ಒಂದು ಗಂಟೆ ಬಿಟ್ಟು."

"ಆ ಫೋನ್ ಒಳಗಿಡ್ರೀ!" ಎಂದು ಕಿರುಚಿದೆ. ಸುತ್ತಲಿನವರು ತಿರುಗಿ ನೋಡಿದರು.

"ಇಟ್ಸ್ ಗ್ರಾಂಡ್, ಮಮ್" ಎಂದಳು ಮಗಳು. ಪರವಾಗಿಲ್ಲ ಎನ್ನಲು, ಮಳೆ ಬಂದರೂ ಗ್ರಾಂಡ್, ಬಸ್ಸು ತಪ್ಪಿದರೂ ಗ್ರಾಂಡ್ ಎನ್ನುವ ದೇಶದಲ್ಲಿ ಹುಟ್ಟಿದವಳು.

"ಏನೂ ಗ್ರಾಂಡ್ ಆಗಿಲ್ಲ, ಸುಮ್ನಿರು."

ಅತ್ತೆ ಸೂಟ್‌ಕೇಸಿನ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದರು. ಇನ್ನು ಅವರು ಮಗನ ಪರ ಮಾತಾಡುತ್ತಾರೆ, ನನ್ನ ಬಾಯಿಂದ ಏನಾದರೂ ಬರುತ್ತದೆ ಎಂದು ಹಲ್ಲು ಕಚ್ಚಿ ನಿಂತೆ.

"ಅವಳು ಮೊದ್ಲೇ ಬಡ್ಕೊಂಡ್ಲಲ್ಲೋ" ಎಂದರು ಅತ್ತೆ, ಮಗನಿಗೆ. "ಕೇಳಿದ್ಯಾ ನೀನು?"

ಗಂಡ ಕಾಫಿ ತರಲು ಹೋದರು. ತಂದ ಲೋಟಗಳು ಹೆಬ್ಬೆರಳಿನ ಗಾತ್ರದವು. ಅತ್ತೆ ಒಂದು ಗುಟುಕು ಕುಡಿದು, "ಇದೇನೋ, ಕಷಾಯಾನಾ?" ಎಂದರು. ನಗು ಬರಬೇಕಿತ್ತು, ಬರಲಿಲ್ಲ. ಅತ್ತೆಯ ಮೇಲೆ ಕೋಪ ಮಾಡಿಕೊಳ್ಳುವ ಅವಕಾಶವೂ ಕೈತಪ್ಪಿ, ಇದ್ದಬದ್ದದ್ದೆಲ್ಲ ಗಂಡನ ಮೇಲೆ ಹೊರಳಿತು.

ಮುಂದಿನ ರೈಲಿನಲ್ಲಿ ವಿಪರೀತ ಸೆಕೆ. ಅತ್ತೆಗೆ ಸೀಟು ಸಿಕ್ಕಿತು, ನಾವು ಅರ್ಧ ದಾರಿ ನಿಂತೇ ಹೋದೆವು. ಸಹಪಾಠಿ ಸ್ಟೇಷನ್ನಿಗೆ ಒಮ್ಮೆ ಬಂದು ಹಿಂದಿರುಗಿ, ಎರಡನೇ ಸಲ ಬಂದಿದ್ದರು. ಮನೆಯಲ್ಲಿ ಬಿಸಿಬೇಳೆಬಾತ್ ಆರಿ ಗಟ್ಟಿಯಾಗಿತ್ತು. ಊಟವಾದ ಮೇಲೆ ಊರು ತೋರಿಸುತ್ತೇನೆಂದು ಎಲ್ಲರನ್ನೂ ಹೊರಡಿಸಿದರು. ನನಗೆ ತಲೆನೋವೆಂದು ಹೇಳಿ ಅವರ ಸೋಫಾದ ಮೇಲೆ ಕಾಲು ಚಾಚಿ ಮಲಗಿದೆ. ಕೆಳಗೆ ಬೀದಿಯಲ್ಲಿ ಗಂಡ ಏನೋ ಜೋರಾಗಿ ವಿವರಿಸುತ್ತಿದ್ದರು. ಎದ್ದು ಹೋಗಿ ಕಿಟಕಿ ಮುಚ್ಚಿದೆ.