ಬೆಣ್ಣೆ ಹಚ್ಚಿದ ಕೈ

ಬಿಸಿ ಕೆನ್ನೆಯ ಮೇಲೆ ಕರಗುವ ಬೆಣ್ಣೆಗೆ ಅದರದ್ದೇ ಒಂದು ವಾಸನೆ. ಹದಿನೈದು ದಿನದ ಕೆಳಗೆ ಅದು ಮೂಗಿಗೆ ಬಡಿದಾಗ, ಹಚ್ಚುತ್ತಿದ್ದ ನನ್ನ ಕೈ ನಿಂತುಹೋಯಿತು.

ನಾದಿನಿ ಮಳವಳ್ಳಿಯಿಂದ ಮೊಮ್ಮಗಳನ್ನು ಕರೆದುಕೊಂಡು ಮಂಡ್ಯದ ನಮ್ಮ ಮನೆಗೆ ಬಂದಿದ್ದಳು. ಬಂದಾಗ ಮಗುವಿಗೆ ನೆಗಡಿ, ಸಣ್ಣ ಜ್ವರ. ಒಂದು ವಾರ ಕಳೆದ ಮೇಲೆ ಬೆಳಿಗ್ಗೆ ಏಳುವಾಗ ಎರಡೂ ಕೆನ್ನೆ ಕೆಂಪು. “ಅತ್ಗೆ, ಒಸಿ ಬೆಣ್ಣೆ ಕೊಡಿ. ಬೀದೀಲಿ ಯಾವ್ ಐಕ್ಳು ಬಾರ್ಸುದ್ವೋ ಏನೋ,” ಎಂದಳು. ಮಗು ಕೂತಿದ್ದದ್ದು ನನ್ನ ಮಗಳ ತೊಡೆಯ ಮೇಲೆ. ಮದ್ದೂರಿನಿಂದ ಬಂದಿದ್ದ ಮಗಳು ನಾಲ್ಕು ತಿಂಗಳ ಬಸುರಿ.

ಬೆಣ್ಣೆ ಇದ್ದದ್ದು ಒಂದು ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸಿದೆ. ಆ ಹೆಸರು ನಮ್ಮ ಮನೆಯವರದ್ದಲ್ಲ... ಎದುರು ಮನೆ ಮಿಸ್ಸಿನದು.

ಇದೇ ಮಗಳು ಐದು ವರ್ಷದವಳಿದ್ದಾಗ ಅವರ ಮನೆಗೆ ಟ್ಯೂಷನ್ನಿಗೆ ಹೋಗುತ್ತಿದ್ದಳು. ಮಿಸ್ ವೈದ್ಯನಾಥಪುರದ ಹೆಣ್ಣು, ಮದುವೆಯಾಗಿ ಏಳು ವರ್ಷಕ್ಕೆ ಬಸುರಿ. ಕೈಯಲ್ಲಿ ಸದಾ ಒಂದು ಮರದ ಸ್ಕೇಲು. ಮಗ್ಗಿ ಹೇಳಿಸುವಾಗ ಅದರಿಂದ ಗೋಡೆಗೆ ತಾಳ ಹಾಕುತ್ತಿದ್ದರು. ಆ ಜಾಗದಲ್ಲಿ ಸುಣ್ಣ ಉದುರಿ ಇಟ್ಟಿಗೆ ಕಾಣುತ್ತಿತ್ತು. ಸಂಜೆಯಾದರೆ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು, ಫಟ್ ಫಟ್. “ನಾನ್ ಒಡ್ಯೋದೇನಿದ್ರೂ ಗ್ವಾಡೆಗೇ ಕಣಕ್ಕ, ಅದು ಅಳಾಕಿಲ್ಲ ನೋಡಿ,” ಎಂದು ನಗುತ್ತಿದ್ದರು.

ಒಮ್ಮೆ ಹೊಳಲಿನಲ್ಲಿ ನೆಂಟರ ಮದುವೆ ಇತ್ತು. ಮಗಳಿಗೆ ನೆಗಡಿ ಜ್ವರ. ಸಿರಪ್ಪು ಕುಡಿಸಿ ಎರಡು ದಿನವೂ ಅವಳನ್ನು ಮಿಸ್ಸಿನ ಹತ್ತಿರ ಬಿಟ್ಟು ಹೋದೆ. ನನ್ನ ಹೊಸ ಸೀರೆಗೆ ಅವಳ ಸಿಂಬಳ ತಾಗದಂತೆ ದೂರ ಹಿಡಿದುಕೊಂಡೇ ಬಿಟ್ಟು ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದೆ. “ಓಗ್ಬನ್ನಿ ಅಕ್ಕ, ನನ್ ಮಡ್ಲಲ್ಲೇ ಮಲಗುಸ್ಕತೀನಿ. ನಂಗೂ ಅಭ್ಯಾಸ ಆಗ್ಬೇಕಲ್ವ?” ಎಂದರು ಮಿಸ್. ರಾತ್ರಿಯಾಗುವ ಮುಂಚೆ ಕರೆತರಲು ಹೋದರೆ ಮಗಳು ಅವರ ಹೊಟ್ಟೆಗೆ ಮುಖ ಒತ್ತಿ ಮಲಗಿದ್ದಳು. ತಮ್ಮ ಸೆರಗಿನಲ್ಲೇ ಅವಳ ಮೂಗು ಒರೆಸುತ್ತಿದ್ದರು.

ಮುಂದಿನ ವಾರ ಮಗಳ ಕೆನ್ನೆಗಳು ಕೆಂಪಾದವು. ಯಾರೋ ಎರಡೂ ಕಡೆ ಬಾರಿಸಿದ ಹಾಗೆ. “ಮಿಸ್ ಒಡುದ್ರೇನವ್ವ?” ಎಂದು ನಮ್ಮ ಅತ್ತೆ ಕೇಳಿದರು. ಇಲ್ಲ ಎಂದಳು. ಮತ್ತೆ ಕೇಳಿದರು, ಬೆಲ್ಲ ಕೊಟ್ಟು ಕೇಳಿದರು... ಎಷ್ಟನೆಯ ಸಲಕ್ಕೋ ತಲೆಯಾಡಿಸಿದಳು. ಕಾನ್ವೆಂಟಿನಲ್ಲಿ ಬೆರಳ ಗಂಟಿಗೆ ಸ್ಕೇಲಿನ ಏಟು ತಿಂದವಳು ನಾನು, ನಂಬಿಬಿಟ್ಟೆ.

ಅತ್ತೆ ಬೀದಿಯಲ್ಲೇ ನಿಂತು ಕೂಗಿದರು. “ಏನಮ್ಮೀ, ಎಣ್ಕೂಸು ಅಂತ್ಲೂ ನೋಡ್ದೆ ಇಂಗ್ ಬಾರ್ಸಿದ್ದೀಯಲ್ಲ, ನೀನೇನ್ ಬಸ್ರಿಯೋ ರಾಕ್ಸಿಯೋ?”

“ದೇವ್ರಾಣೆಗೂ ನಾನ್ ಮುಟ್ಟಿಲ್ಲ ಕಣವ್ವ!”

ಅತ್ತೆಯ ಕಡೆ ಒಂದು ಪದ್ಧತಿ: ಹೊಡೆದ ಕೈಯೇ ತನ್ನ ಮನೆಯ ಬೆಣ್ಣೆ ತಂದು ಮೂರು ದಿನ ಹಚ್ಚಬೇಕು, ಇಲ್ಲದಿದ್ದರೆ ಗುರುತು ಹೋಗದು. ಮಿಸ್ ನನ್ನ ಮುಖ ನೋಡಿದರು. ನಾನು ಬಾಗಿಲ ಚಿಲಕ ನೋಡಿದೆ. ಮೂರು ದಿನ ಅದೇ ಬಟ್ಟಲಲ್ಲಿ ಬೆಣ್ಣೆ ತಂದು, ನಮ್ಮ ಜಗುಲಿಯಲ್ಲಿ ಕೂತು ಹಚ್ಚಿದರು. ಬೀದಿಯವರೆಲ್ಲ ನೋಡಿದರು. ಕೊನೆಯ ದಿನ ಬಟ್ಟಲು ಬಿಟ್ಟು ಹೋದರು.

ಟ್ಯೂಷನ್ನಿಗೆ ಮಕ್ಕಳು ಕಡಿಮೆಯಾದರು. ಸ್ವಲ್ಪ ದಿನಕ್ಕೆ ಮಿಸ್ಸಿನ ಬೆರಳ ಗಂಟುಗಳು ಊದಿ, ಬಳಪ ಹಿಡಿಯಲೂ ಆಗದಂತಾಯಿತು. “ನೋಡ್ದಾ? ಒಡ್ದಿದ್ ಕೈ ಇಡ್ಕಂಡದೆ,” ಎಂದರು ಅತ್ತೆ. ಆರನೇ ತಿಂಗಳಿಗೆ ಮಗು ಹೊಟ್ಟೆಯಲ್ಲೇ ಹೋಯಿತು. ಮೈಯೆಲ್ಲ ನೀರು ತುಂಬಿ ಊದಿಕೊಂಡಿತ್ತಂತೆ. “ಕಂಡೋರ್ ಕೂಸ್ಗೆ ಒಡ್ದೋಳ್ಗೆ ತನ್ ಕೂಸು ದಕ್ಕೀತಾ?” ಅತ್ತೆಯ ಆ ಮಾತು ಬೀದಿ ದಾಟಿ ಎದುರು ಮನೆಗೆ ಕೇಳಿಸಿರಬೇಕು. ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ... ತಿಂಗಳೊಳಗೆ ಅವರು ಮನೆ ಖಾಲಿ ಮಾಡಿದರು. ಬಟ್ಟಲು ಕೊಡಲು ನಾನು ಹೋಗಲಿಲ್ಲ.

ಈ ಸಲ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದೆವು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. “ಯಾರೂ ಹೊಡ್ದಿಲ್ಲ ಆಂಟಿ. ಪಾರ್ವೊ ಅಂತ ಒಂದು ವೈರಸ್ಸು, ಹೀಗೇ ಕೆನ್ನೆ ಕೆಂಪು ಮಾಡುತ್ತೆ. ಮಕ್ಕಳಿಗೆ ತಾನಾಗೇ ಹೋಗುತ್ತೆ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು. “ಮನೇಲಿ ಬಸುರಿ ಯಾರಾದ್ರೂ ಇದ್ದಾರಾ?”

ಕೆನ್ನೆ ಕೆಂಪಾಗುವ ಹೊತ್ತಿಗೆ ಅಂಟುವ ಕಾಲ ಮುಗಿದಿರುತ್ತದಂತೆ. ಅಂಟುವುದು ಅದಕ್ಕೆ ಮುಂಚೆ, ಬರೀ ನೆಗಡಿ ಜ್ವರ ಎಂದುಕೊಂಡಿರುತ್ತೇವಲ್ಲ, ಆಗ. ದೊಡ್ಡವರಿಗೆ ಬಂದರೆ ಕೀಲು ನೋವು. ಬಸುರಿಗೆ ಬಂದರೆ ಕೆಲವೊಮ್ಮೆ ಹೊಟ್ಟೆಯ ಮಗುವಿಗೆ ರಕ್ತ ಕಡಿಮೆಯಾಗಿ ಮೈಯಲ್ಲಿ ನೀರು ತುಂಬುತ್ತದೆ.

“ಲಸಿಕೆ ಇಲ್ವೇನಮ್ಮ?”

“ಇನ್ನೂ ಇಲ್ಲ ಆಂಟಿ. ಮಾಡೋಕೆ ನೋಡ್ತಾನೇ ಇದಾರೆ.”

ಮಿಸ್ಸಿನ ಕಥೆಯನ್ನು ಯಾರದೋ ಎಂಬಂತೆ ಹೇಳಿ ಕೇಳಿದೆ. ಪರೀಕ್ಷೆ ಮಾಡಿಸದೆ ಹೀಗೇ ಎಂದು ಹೇಳಲಾಗದು, ಇರಬಹುದು ಎಂದರು. ನನಗೆ ಅಷ್ಟು ಸಾಕಾಗಿತ್ತು. ಮಿಸ್ಸಿನ ಕೈ ನನ್ನ ಮಗಳಿಗೆ ಏನೂ ಮಾಡಿರಲಿಲ್ಲ. ಅವರಿಗೆ ಜ್ವರ ಕೊಟ್ಟವಳು ನಾನು, ಮಗಳನ್ನು ಎರಡು ದಿನ ಅವರ ಮಡಿಲಿಗೆ ಹಾಕಿ.

ಮಗಳ ರಕ್ತಪರೀಕ್ಷೆಯ ಫಲಿತಾಂಶ ಬಂತು. ಅವಳಿಗೆ ಇದು ಹಿಂದೆಯೇ ಎಂದೋ ಬಂದು ಹೋಗಿದೆ, ಮೈಯಲ್ಲಿ ರಕ್ಷಣೆ ಇದೆ, ಈ ಬಸುರಿಗೆ ಭಯವಿಲ್ಲ. ನಾದಿನಿ ದೇವರಿಗೆ ಕೈ ಮುಗಿದಳು. ನನಗೆ ಕೈ ಎತ್ತಲಾಗಲಿಲ್ಲ. ಎದುರು ಮನೆಯ ಕೂಸನ್ನು ತೆಗೆದ ಜ್ವರವೇ ಈಗ ನಮ್ಮ ಕೂಸನ್ನು ಕಾಯುತ್ತಿದೆ.

“ಯಾವಾಗ್ ಬಂದಿತ್ತಮ್ಮ ನಂಗೆ?” ಎಂದಳು ಮಗಳು.

“ನೆನಪಿಲ್ಲ ಕಣೆ,” ಎಂದೆ.

ಮಗಳ ಮನೆಗೆಂದು ಮದ್ದೂರಿಗೆ ಎಷ್ಟು ಸಲ ಹೋಗಿಲ್ಲ? ವೈದ್ಯನಾಥಪುರ ಅಲ್ಲೇ ಪಕ್ಕ. ಒಮ್ಮೆಯೂ ಹೋಗಿ ಕೇಳಲಿಲ್ಲ, ಮಿಸ್ ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ... ನಿನ್ನೆ ಬಟ್ಟಲನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಜಿಡ್ಡು ಹೋಯಿತು. ಹೆಸರು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆ.